ಸಿಲಿಂಡರಿಗೆ ಹೊಲಿಸಿದ ಅಂಗಿ

ವೆಂಕಟಸುಬ್ಬಯ್ಯನವರಿಗೆ ಬರಿಮೈಯ ಸಾಮಾನು ಕಂಡರೆ ಆಗುತ್ತಿರಲಿಲ್ಲ. ಅವರ ಮನೆಯಲ್ಲಿ ರೇಡಿಯೋಗೆ ಕಸೂತಿಯ ಮುಸುಕು, ಮಿಕ್ಸಿಗೆ ಗೌನು, ಸ್ಕೂಟರಿನ ಸೀಟಿಗೊಂದು ಕವರು, ಆ ಕವರು ಹಾಳಾಗಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ಕು. ಸೋಫಾದ ಬಟ್ಟೆ ಯಾವ ಬಣ್ಣದ್ದೆಂಬುದು ಬಂದುಹೋಗುವವರಿಗಿರಲಿ, ಹೆಂಡತಿ ಭಾನುಮತಿಗೇ ಮರೆತುಹೋಗಿತ್ತು. ಇಂಥವರನ್ನು ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆ ತನ್ನ ಸ್ಟೋರ್ಸಿಗೆ ಯಜಮಾನರನ್ನಾಗಿ ಕೂರಿಸಿತ್ತು. ಅಲ್ಲಿಂದಾಚೆಗೆ ಸ್ಟೋರ್ಸಿನಲ್ಲಿ ಸುತ್ತಿಗೆಗೂ ಮಾನ ಬಂತು.

ಎಂಬತ್ತೊಂದರಲ್ಲಿ ಕಾರ್ಖಾನೆಯವರು ನೀರಿನೊಳಗೆ ಉಸಿರಾಡುವ ಸೆಟ್ಟೊಂದನ್ನು ಕೊಂಡರು. ಯಂತ್ರಗಳನ್ನು ತಂಪು ಮಾಡುವ ನೀರು ಆವರಣದ ಕೊಳದಿಂದ ಬರುತ್ತಿತ್ತು. ಕೊಳದ ತಳದ ಜಾಲರಿಗೆ ಪಾಚಿ ಕಟ್ಟಿದರೆ ಯಾರಾದರೂ ಇಳಿದು ಕೆರೆಯಬೇಕು. ಆ ಕೆಲಸ ಲಕ್ಷ್ಮಯ್ಯನದು. ಕಾರ್ಖಾನೆ ಎದ್ದದ್ದೇ ಅವನ ಅಪ್ಪನ ರಾಗಿ ಹೊಲದ ಮೇಲೆ. ಹೊಲಕ್ಕೆ ಬದಲಾಗಿ ಕೊಟ್ಟ ನೌಕರಿ ಅದು. ಅದುವರೆಗೆ ಉಸಿರು ಕಟ್ಟಿ ಮುಳುಗುತ್ತಿದ್ದವನಿಗೆ ಈಗ ಬೆನ್ನಿಗೊಂದು ಉಕ್ಕಿನ ಸಿಲಿಂಡರು, ಬಾಯಿಗೊಂದು ರಬ್ಬರ್ ಕೊಳವೆ ಬಂದವು. ಸಿಲಿಂಡರು ನೆಟ್ಟಗೆ ನಿಲ್ಲಲೆಂದು ಅದರ ಅಡಿಗೆ ರಬ್ಬರಿನ ಬೂಟು ತೊಡಿಸಿ ಕಳಿಸಿದ್ದರು.

ಆ ಬೂಟು ಕಂಡದ್ದೇ ವೆಂಕಟಸುಬ್ಬಯ್ಯನವರ ಹೃದಯ ತುಂಬಿ ಬಂತು. ಇದನ್ನು ಮಾಡಿದವನು ಯಾವ ದೇಶದವನೋ, ಆದರೆ ನಮ್ಮ ಪೈಕಿಯವನೇ ಎಂದುಕೊಂಡರು. ಬರೀ ಬೂಟು ಹಾಕಿಕೊಂಡು ನಿಂತ ಸಿಲಿಂಡರು ಅವರ ಕಣ್ಣಿಗೆ ಅರೆಬೆತ್ತಲೆಯಾಗಿ ಕಾಣಿಸಿತು. ಭಾನುಮತಿಯಿಂದ ನೀಲಿ ರೆಕ್ಸಿನ್ನಿನ ಅಂಗಿ ಹೊಲಿಸಿದರು, ಬೂಟಿನ ಮೇಲಂಚಿಗೇ ಸೇರಿಸಿ, ಎರಡೆಳೆ ದಾರದಲ್ಲಿ. ಕೊಳವೆಗೆ ಉಲ್ಲನ್ನಿನ ತೋಳು ಹೆಣೆಸಿದರು. ಸೆಟ್ಟು ಆ ಬಟ್ಟೆಯ ಸಮೇತವೇ ನೀರಿಗಿಳಿಯಬೇಕು, ಬಟ್ಟೆಯ ಸಮೇತವೇ ಮೇಲೆ ಬರಬೇಕು, ಬಿಚ್ಚಕೂಡದು ಎಂದು ಕಟ್ಟಪ್ಪಣೆ ಮಾಡಿದರು.

ಲಕ್ಷ್ಮಯ್ಯ ಮೊದಲ ವರ್ಷವೇ ತಕರಾರು ತೆಗೆದ.

"ಬೂಟು ಬ್ಯಾಡ ಅಂತ ನಾನನ್ನಲ್ಲ ಸಾರ್. ಕಲ್ಲಿಗೆ ತಾಗಿದ್ರೆ ಏಟು ತಡೀತದೆ. ಆದ್ರೆ ಮ್ಯಾಕೆ ಬಂದ್ಮೇಲೆ ಬಿಚ್ಚಿ ಒಣಗಿಸ್ಬೇಕು. ಇಂಗೆ ಒಲಿದ್ಬಿಟ್ರೆ ನೀರು ಒಳಗೇ ಕುಂತ್ಕತದೆ."

ಮುಳುಗಲು ಮಾತ್ರ ಗೊತ್ತಿರುವವನು ಸಾಮಾನು ಕಾಪಾಡುವುದನ್ನು ತಮಗೆ ಹೇಳಿಕೊಡಬೇಕಾಗಿಲ್ಲ ಎಂದು ವೆಂಕಟಸುಬ್ಬಯ್ಯನವರು ಅವನ ಬಾಯಿ ಮುಚ್ಚಿಸಿದರು. ಮುಚ್ಚುವುದರಲ್ಲಿ ಅವರದು ಎತ್ತಿದ ಕೈ.

ಎಂಬತ್ತನಾಲ್ಕರ ಹೊತ್ತಿಗೆ ಅವರಿಗೆ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಅತ್ಯುತ್ತಮ ಸ್ಟೋರ್ಸ್ ಎಂದು ಪ್ರತಿವರ್ಷ ಕೊಡುವ ಶೀಲ್ಡು ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಅವರ ಕೈಗೆ ಬಂದಿರಲಿಲ್ಲ. ಅದಿಲ್ಲದೆ ಮನೆಗೆ ಹೋಗುವುದೆಂದರೆ ಮದುವೆಮನೆಯಿಂದ ಊಟ ಮಾಡದೆ ಎದ್ದಂತೆ. ಹೆಡ್ಡಾಫೀಸಿನ ಶ್ಯಾಮಸುಂದರ್ ಸಾಹೇಬರು ಸೋಮವಾರ ತಪಾಸಣೆಗೆ ಬರುವವರಿದ್ದರು. ಶನಿವಾರ ಕೊಳದಿಂದ ಬಂದ ಲಕ್ಷ್ಮಯ್ಯ ಸೆಟ್ಟನ್ನಿಟ್ಟು, ಬೂಟಿನಿಂದ ಕೆಂಪು ನೀರು ತೊಟ್ಟಿಕ್ಕುತ್ತಿದೆ, ಒಮ್ಮೆ ಬಿಚ್ಚಿ ನೋಡಿ ಎಂದ. ತಪಾಸಣೆಯ ಮುಂದೆ ಅಪಶಕುನ ನುಡಿಯಬೇಡ ಎಂದು ಅವರು ಅವನನ್ನು ಗದರಿ ಕಳಿಸಿದರು.

ಕಳಿಸಿದರೂ ಮನಸ್ಸು ತಡೆಯಲಿಲ್ಲ. ಊಟದ ನಂತರ ಬಾಗಿಲು ಹಾಕಿಕೊಂಡು ಬೂಟಿನ ಸುತ್ತಲ ಹೊಲಿಗೆ ಬಿಚ್ಚಿದರು. ಮೂರು ವರ್ಷದ ನೀರು ಗಬ್ಬೆಂದು ನಾರಿತು. ಹೆಬ್ಬೆರಳ ಉಗುರು ತಗುಲಿಸಿದ್ದಕ್ಕೇ ತುಕ್ಕು ಹಪ್ಪಳದಂತೆ ಎದ್ದು ಬಂತು. ಒಳಗೆ ಉಕ್ಕನ್ನು ತಿಂದು ಗುಳಿ ಬಿದ್ದಿತ್ತು. ಅವರಿಗೆ ಭಯವಾಯಿತು. ಲಾರಿಯ ಟೈರಿಗಿಂತ ಹತ್ತಿಪ್ಪತ್ತು ಪಟ್ಟು ಒತ್ತಡದ ಗಾಳಿಯನ್ನು ಕರೆಂಟಿನ ಪಂಪಿನಿಂದ ಅದಕ್ಕೆ ತುಂಬುತ್ತಾರೆ, ಗುಳಿ ಬಿದ್ದ ಉಕ್ಕು ಆಗ ಸಿಡಿಯಬಹುದು, ತುಂಬುವವನು ಅದನ್ನು ಮೊಣಕಾಲುಗಳ ನಡುವೆ ಹಿಡಿದು ಕೂತಿರುತ್ತಾನೆ, ಹಾಗೆ ಕೂರುವವನು ಲಕ್ಷ್ಮಯ್ಯ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸೂಜಿಗೆ ದಾರ ಪೋಣಿಸಿದರು. ಸೋಮವಾರ ಒಂದು ಕಳೆದುಬಿಡಲಿ, ಆಮೇಲೆ ಇದನ್ನು ಗುಜರಿಗೆ ಹಾಕಿದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹೊಲಿಗೆ ಚೆನ್ನಾಗಿಯೇ ಬಂತು.

ಸೋಮವಾರ ಹನ್ನೊಂದಕ್ಕೆ ಬಂದ ಶ್ಯಾಮಸುಂದರ್ ಸಾಹೇಬರು ಬಟ್ಟೆ ಅಂಗಡಿಗೆ ಹೊಕ್ಕವರಂತೆ ಒಂದೊಂದು ಕವರನ್ನೂ ಸವರಿ ನೋಡಿದರು. ಒಳಗೇನಿದೆ ಎಂದು ಒಂದನ್ನೂ ಕೇಳಲಿಲ್ಲ. ಸಿಲಿಂಡರಿನ ನೀಲಿ ಅಂಗಿಯ ಮುಂದೆ ಮಾತ್ರ ನಿಂತುಬಿಟ್ಟರು. ವರದಿಯಲ್ಲಿ 'ಹೊಸದರಂತಿದೆ' ಎಂದು ಬರೆದು ಸಹಿ ಹಾಕಿದರು. ಆಮೇಲೆ ಅವರಿಗೆ ಉಮೇದು ಬಂತು: ಇದಕ್ಕೆ ಗಾಳಿ ತುಂಬಿ ನೀರಿಗಿಳಿದು ತೋರಿಸಿ ಎಂದರು. ಬಾಗಿಲ ಬಳಿ ನಿಂತಿದ್ದ ಲಕ್ಷ್ಮಯ್ಯ ಎತ್ತಿಕೊಳ್ಳಲು ಮುಂದೆ ಬಂದ.

"ಬೇಡ ಸಾರ್," ಎಂದರು ವೆಂಕಟಸುಬ್ಬಯ್ಯನವರು. "ಅಂಗಿ ಒದ್ದೆಯಾಗುತ್ತೆ."

ಸಾಹೇಬರು ಕರಗಿಹೋದರು. ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ನಿಷ್ಠೆ ನೋಡಿಲ್ಲವೆಂದರು, ಶೀಲ್ಡು ನಿಮ್ಮದೇ ಎಂದು ಅಲ್ಲೇ ಹೇಳಿಬಿಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಮುಚ್ಚಿಹೋಗುತ್ತಿತ್ತು. ಆದರೆ ಅವರು ಇಂಥದೇ ಸೆಟ್ಟುಗಳಿರುವ ಇನ್ನೂ ಹನ್ನೊಂದು ಕಾರ್ಖಾನೆಗಳಿಗೂ ಹೀಗೇ ಅಂಗಿ ಹೊಲಿಸಲು ಸುತ್ತೋಲೆ ಹೊರಡಿಸುವುದಾಗಿ ಹೇಳಿ, ಅಳತೆ ಕೊಡಿ ಎಂದು ಪೆನ್ನು ತೆಗೆದರು.

ಅಳತೆ ವೆಂಕಟಸುಬ್ಬಯ್ಯನವರ ನಾಲಿಗೆಯ ತುದಿಯಲ್ಲಿತ್ತು. ಅದರ ಜೊತೆಗೇ ಹನ್ನೊಂದು ಊರುಗಳಲ್ಲಿ ಹನ್ನೊಂದು ಲಕ್ಷ್ಮಯ್ಯಂದಿರು ಮೊಣಕಾಲ ನಡುವೆ ಸಿಲಿಂಡರು ಹಿಡಿದು ಕೂತದ್ದೂ ಕಣ್ಣಿಗೆ ಕಟ್ಟಿತು. ಒಬ್ಬನನ್ನು ಸುಳ್ಳು ಹೇಳಿ ತಡೆಯಬಹುದು, ಹನ್ನೊಂದು ಮಂದಿಯನ್ನು ಹೇಗೆ ತಡೆಯುವುದು? ವೆಂಕಟಸುಬ್ಬಯ್ಯನವರು ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ನೀಲಿ ಅಂಗಿಯನ್ನು ಕುತ್ತಿಗೆಯಿಂದ ಕೆಳಗಿನವರೆಗೆ ಕತ್ತರಿಸಿದರು, ಬೂಟನ್ನು ಕಿತ್ತು ಪಕ್ಕಕ್ಕಿಟ್ಟರು. ತುಕ್ಕು ಸಾಹೇಬರ ವರದಿಯ ಮೇಲೆ ಉದುರಿತು.

ಸಾಹೇಬರು ಗುಳಿಯನ್ನು ನೋಡಲಿಲ್ಲ, ಸಹಿಯನ್ನು ನೋಡಿದರು. "ಹೊಸದರಂತಿದೆ ಅಂತ ನಾನು ಆಗ್ಲೇ ಬರೆದಾಯ್ತಲ್ರೀ. ಮೊದಲಿದ್ದ ಹಾಗೆ ಹೊಲಿದುಬಿಡಿ."

"ಆಗಲ್ಲ ಸಾರ್. ಇದನ್ನ ತುಂಬೋನು ಇಲ್ಲೇ ನಿಂತಿದ್ದಾನೆ."

ಶೀಲ್ಡು ಬೇರೆ ಕಾರ್ಖಾನೆಗೆ ಹೋಯಿತು. ಅದಕ್ಕೆ ಬದಲಾಗಿ, ತಪಾಸಣೆಯಲ್ಲಿ ಸುಸ್ಥಿತಿಯಲ್ಲಿದೆಯೆಂದು ಕಂಡುಬಂದ ಕವರನ್ನು ಅನುಮತಿಯಿಲ್ಲದೆ ಹಾಳುಮಾಡಿದ್ದೇಕೆಂದು ಕೇಳುವ ಮೆಮೋ ಸಂಜೆಯೊಳಗೆ ಬಂತು. ಮೆಮೋ ಓದಿಯೂ ವೆಂಕಟಸುಬ್ಬಯ್ಯನವರಿಗೆ ಬೇಸರವಾಗಲಿಲ್ಲ. ಒಂದು ಜೀವ ಉಳಿಸಿದ್ದೇನೆ ಎಂಬ ಹೆಮ್ಮೆಯಿಂದ ಎದೆ ಉಬ್ಬಿಸಿಕೊಂಡೇ ಕೂತಿದ್ದರು. ಲಕ್ಷ್ಮಯ್ಯ ಬಂದು ಸಿಲಿಂಡರನ್ನು ಮಲಗಿಸಿ ಗುಳಿಯೊಳಗೆ ಬೆರಳಿಟ್ಟು ನೋಡಿದ.

"ಇದು ನಿಮ್ಗೆ ಯಾವಾಗ ಗೊತ್ತಾಯ್ತು ಸಾರ್?"

"ಶನಿವಾರ ಕಣಯ್ಯ."

ಲಕ್ಷ್ಮಯ್ಯ ಬೆರಳನ್ನು ತನ್ನ ಅಂಗಿಗೆ ಒರೆಸಿಕೊಂಡ. "ಸಾಯೇಬ್ರು ಬತ್ತಾರೆ ಅಂತ ಇವತ್ತು ಬೆಳಿಗ್ಗೆ ಆರಕ್ಕೇ ಇದನ್ನ ತುಂಬಕ್ಕೆ ತಗಂಡೋಗಿದ್ದೆ ಸಾರ್. ಕಾಲ ಮಧ್ಯೆ ಇಟ್ಕಂಡು ಒಂದು ಗಂಟೆ ಕುಂತಿದ್ದೆ. ಕರೆಂಟು ಬರ್ಲಿಲ್ಲ, ವಾಪಸ್ ತಂದಿಟ್ಟೆ."