ಟೈರಿನ ಒಳಬದಿಯ ಹೆಸರು

ಹೊಸ ಟೈರಿಗೆ ಮಳೆಗಾಲ ಮುಗಿಯುವವರೆಗೆ ಕಾಯಿರಿ ಎಂದು ಪುನೀತ ಅವರಿಗೆ ಹೇಳಿದವಳು ನಾನೇ. ಈ ಮರಾಠಿ ಊರಿನ ಖರಾಡಿಯಲ್ಲಿರುವ ನಮ್ಮ ಟೈರ್ ಅಂಗಡಿಗೆ ಅವರು ತಿಂಗಳಿಗೊಮ್ಮೆ ಗಾಳಿ ಹಾಕಿಸಲು ಬರುತ್ತಿದ್ದರು. ಮೈಸೂರಿನ ಕಡೆಯವರು, ಎದುರಿನ ಐಟಿ ಪಾರ್ಕಿನಲ್ಲಿ ಕೆಲಸ. ವರ್ಷಕ್ಕೆ ನಾಲ್ಕೈದು ಭಾನುವಾರ ಶಿರೂರು ರಸ್ತೆಯ ಬಯಲಿನಲ್ಲಿ ಹವ್ಯಾಸಿಗಳ ಓಟ ಇರುತ್ತದೆ. ನೆಲದ ಮೇಲಿಟ್ಟ ಕೋನುಗಳ ನಡುವೆ ಒಂದು ಸಲಕ್ಕೆ ಒಂದೇ ಕಾರು ತಿರುಗುತ್ತ ಹೋಗಬೇಕು, ಕಡಿಮೆ ಸಮಯ ತೆಗೆದುಕೊಂಡವರು ಗೆದ್ದಂತೆ. ಆಫೀಸಿಗೂ ಆಗಬೇಕು, ಆ ಓಟಕ್ಕೂ ಆಗಬೇಕು, ಅಂಥ ಟೈರು ಯಾವುದೆಂದು ಅವರು ಮಾಲಕರನ್ನು ಬಿಟ್ಟು ನನ್ನನ್ನು ಕೇಳಿದ್ದರು.

ನಾನು ಆರನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಟೈರಿನ ಪಕ್ಕದ ಅಂಕಿಗಳನ್ನು ಓದಬಲ್ಲೆ. ಸವೆತದ ಅಂಕಿ ಕಡಿಮೆಯಾದಷ್ಟೂ ರಬ್ಬರು ಮೆತ್ತಗೆ. ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. ನಿಮಗೆ ಇನ್ನೂರರದು ಸರಿ, ಆದರೆ ಅದರ ಗೆರೆಗಳು ಆಳವಿಲ್ಲ, ನಿಂತ ನೀರಿನಲ್ಲಿ ಜಾರುತ್ತದೆ ಎಂದೆ.

"ನೀವು ಹೇಳಿದ್ಮೇಲೆ ಮುಗೀತು ಬಿಡಿ," ಎಂದರು. ಆ ಮಾತನ್ನು ಮಳೆಗಾಲವಿಡೀ ನೆನೆದುಕೊಂಡೆ.

ಸೆಪ್ಟೆಂಬರಿನಲ್ಲಿ ಅಂಥ ನಾಲ್ಕು ಬಂದವು. ಎತ್ತಿಟ್ಟ ಟೈರಿನ ಮೇಲೆ ಗಿರಾಕಿಯ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುವುದು ನಮ್ಮಲ್ಲಿ ರೂಢಿ, ಕಾರಿಗೆ ಹಾಕಿದಾಗ ಒಳಗೆ ಹೋಗುವ ಬದಿಗೆ. ಉಳಿದವರು ಮರಾಠಿಯಲ್ಲಿ ಬರೆಯುತ್ತಾರೆ. ನಾನು ಕನ್ನಡದಲ್ಲಿ ಬರೆದೆ, ನಿಧಾನವಾಗಿ, ಗುಂಡಗೆ. ಅಂಗಡಿಯಲ್ಲಿ ಅದನ್ನು ಓದುವವರು ಯಾರೂ ಇರಲಿಲ್ಲ.

ದಸರಾ ಮುಗಿದ ಮೇಲಿನ ಶನಿವಾರ ಅವರು ಬಂದರು. ಕಾರು ಓಡಿಸಿಕೊಂಡು ಬಂದವಳು ಒಬ್ಬ ಹುಡುಗಿ. ಬಾಯಿ ತೆರೆದರೆ ಇಂಗ್ಲಿಷು. ನಾಳೆಯ ಓಟದಲ್ಲಿ ಓಡಿಸುವವಳು ಅವಳೇ, ತಾವು ಪಕ್ಕದಲ್ಲಿ ಕೂರುವವರು ಎಂದು ಹೇಳಿ ಅವರು ನಕ್ಕರು. ಅವಳನ್ನು ಚಿನ್ನು ಎಂದು ಕರೆದರು. ಅವಳು ಅವರ ಬಾಟಲಿಯಿಂದ ನೀರು ಕುಡಿದು, ಮುಚ್ಚಳ ಹಾಕದೆ ಹಿಂದಕ್ಕೆ ಚಾಚಿದಳು. ಮುಚ್ಚಳವನ್ನು ಅವರು ಹಾಕಿದರು.

"ಆ ಟೈರ್ ಬಂತಾ, ಭಾಗ್ಯಾ?"

"ಖಾಲಿ ಆಗ್ಯಾವ್ರಿ. ನಾನೂರೈವತ್ತರವು ಅದಾವ. ಭಾಳ ದಿನ ಬಾಳಿಕಿ ಬರ್ತಾವ."

ಅವುಗಳ ಮೇಲೆ ಅವಳು ಗೆಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅವರು ಊರೊಳಗಿನ ಕ್ಯಾಂಪ್ ಬಡಾವಣೆಯ ಇನ್ನೊಂದು ಟೈರ್ ಅಂಗಡಿಗೆ ಫೋನು ಹಚ್ಚಿದರು. ಅವಳು ಸುಮ್ಮನಿರದೆ ಒಳಗೆ ಹೋಗಿ, ಟೈರಿನ ರಾಶಿಗಳ ನಡುವೆ ಬಗ್ಗಿ ನೋಡಿದಳು.

"ಪುನೀ, ಇಲ್ಲಿ ನಿನ್ ಹೆಸ್ರು ಬರ್ದಿದೆ ಕಣೋ. ನಾಲ್ಕರ ಮೇಲೂ."

ಅವಳಿಗೂ ಕನ್ನಡ ಓದಲು ಬರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ.

ಮರೆತಿದ್ದೆ ಎಂದೆ. ಎತ್ತಿಟ್ಟವರೇ ಮರೆತರೆ ಹೇಗೆ ಎಂದು ಅವರು ನಂಬಿ ನಕ್ಕರು. ಅವಳು ನಗಲಿಲ್ಲ. ಅಕ್ಷರಗಳನ್ನು ನೋಡಿದಳು, ಆಮೇಲೆ ನನ್ನನ್ನು.

"ಅಕ್ಷರ ಚೆನ್ನಾಗಿದೆ," ಎಂದಳು ಮೆಲ್ಲಗೆ. "ಆದ್ರೆ ಅಳಿಸ್ಬಿಡಿ. ಓಡ್ಸೋದು ನಾನಲ್ವಾ."

ಒದ್ದೆ ಬಟ್ಟೆಯಿಂದ ಮೂರನ್ನು ಒರೆಸಿದೆ. ನಾಲ್ಕನೆಯದರ ಮೇಲೆ ಒರೆಸಿದಂತೆ ಒಣ ಕೈ ಆಡಿಸಿ, ಹೆಸರು ಉಳಿದ ಆ ಬದಿಯನ್ನು ಒಳಗೆ ಮಾಡಿ, ಅವಳು ಕೂರುವ ಕಡೆಯ ಮುಂದಿನ ಚಕ್ರಕ್ಕೆ ಹಾಕಿದೆ. ನಟ್ಟುಗಳನ್ನು ಮಾತ್ರ ಎರಡೆರಡು ಸಲ ಬಿಗಿದೆ. ಪಕ್ಕದಲ್ಲಿ ಅವರೂ ಕೂರುತ್ತಾರಲ್ಲ.