ಹಂದಿ ಕೊಟ್ಟು ತಂದ ಬ್ಯಾಟರಿ

"ನಮ್ಮಜ್ಜಿ ಸತ್ತ ಮೇಲೂ ಏಳು ಕಿಲೋಮೀಟರ್ ಹೋದಳು ಕಣೋ, ಸ್ಮಶಾನದ ತನಕ. ನಿನ್ನ ಗಾಡಿ ಜೀವ ಇದ್ದಾಗಲೇ ಅಷ್ಟು ಹೋಗಲ್ಲ. ಗಾಡೀನೂ ಯಜಮಾನನ ಥರಾನೇ ಬಿಡು. ಮೇಲೆ ನೋಡಿದ್ರೆ ಮೈಕೈ ತುಂಬ್ಕೊಂಡಿದೆ, ಒಳಗೆ ಏನೂ ಇಲ್ಲ."

ನಾಪೋಲೆಸ್ ಇದನ್ನು ಹೇಳಿದ್ದು ಬಾದಾಮಿ ಮರದ ಕೆಳಗಿನ ಡಾಮಿನೊ ಮೇಜಿನಿಂದ, ಕೈಯಲ್ಲಿದ್ದ ಬಿಲ್ಲೆಗಳಿಂದ ಕಣ್ಣು ಎತ್ತದೆ. ಮೇಜಿನ ಸುತ್ತ ಕೂತ ನಾಲ್ವರೂ ನಕ್ಕರು. ಆಟಕ್ಕೆ ಕಾದು ನಿಂತವರು ನಕ್ಕರು. ಎದುರಿಗೆ ಬ್ರೆಡ್ಡಿನ ಸರದಿಯಲ್ಲಿ ನಿಂತಿದ್ದ ಅರ್ಧ ಬೀದಿ ನಕ್ಕಿತು. ಹಲ್ಲಿಲ್ಲದ ಒಬ್ಬ ಮುದುಕಿ, ಏನು ಹೇಳಿದ ಅಂತ ಪಕ್ಕದವಳನ್ನು ಕೇಳಿ ತಿಳಿದುಕೊಂಡು, ಎಲ್ಲರದೂ ಮುಗಿದ ಮೇಲೆ ಒಬ್ಬಳೇ ನಕ್ಕಳು.

ನಾನು ಬಂದರಿನಿಂದ ಗಾಡಿ ತಳ್ಳಿಕೊಂಡು ಬರುತ್ತಿದ್ದೆ. ನಮ್ಮ ದ್ವೀಪದ ಈ ಊರು ಮನ್ಸಾನಿಯೊದಲ್ಲಿ ಪೆಟ್ರೋಲ್ ಅನ್ನೋದು ಈಗ ಮುದುಕರು ಹೇಳುವ ಕಥೆ. ಓಡುವುದೆಲ್ಲ ಒಂದೋ ಕುದುರೆಯಿಂದ, ಇಲ್ಲಾ ಬ್ಯಾಟರಿಯಿಂದ. ನನ್ನದು ಬ್ಯಾಟರಿ ಗಾಡಿ, ಸ್ಕೂಟರು. ಕಾಲಿಡುವ ಹಲಗೆಯ ಕೆಳಗೆ ಆರು ಬ್ಯಾಟರಿಗಳು ಒಂದರ ಬಾಲ ಇನ್ನೊಂದು ಹಿಡಿದು ಕೂತಿರುತ್ತವೆ. ಆರರಲ್ಲಿ ಒಂದು ಕೈಕೊಟ್ಟರೆ ಉಳಿದ ಐದಕ್ಕೂ ನಡಿಗೆ ಇಲ್ಲ.

ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ನುಂಗಿಕೊಂಡೆ. ಊರಲ್ಲಿ ಬ್ಯಾಟರಿ ನೋಡುವವನು ನಾಪೋಲೆಸ್ ಒಬ್ಬನೇ, ಮತ್ತು ನನ್ನ ತಮ್ಮನನ್ನು ಬೇರೆ ಜೈಲಿಗೆ ಸಾಗಿಸುವವರಿದ್ದರು.

ತಮ್ಮ ಮೈಕೋಲ್ ಟ್ರಾನ್ಸ್‌ಫಾರ್ಮರಿನ ಎಣ್ಣೆ ಕದ್ದು ಸಿಕ್ಕಿಬಿದ್ದವನು. ಅವನು ಕದ್ದದ್ದರಿಂದ ನಮ್ಮ ಬೀದಿಗೆ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಜನ ಇನ್ನೂ ಮರೆತಿಲ್ಲ. ಕಬ್ಬಿನ ಗದ್ದೆಗಳಾಚೆ, ಮೂವತ್ತೆಂಟು ಕಿಲೋಮೀಟರ್ ದೂರದಲ್ಲಿ ಅವನನ್ನು ಇಟ್ಟಿದ್ದರು. ಬಿಡುಗಡೆಯಾಗಿ ಬಂದ ಒಬ್ಬ ಸುದ್ದಿ ತಂದಿದ್ದ: ಮುಂದಿನ ಭೇಟಿ ದಿನ ಆದ ಮೇಲೆ ಅವನನ್ನು ದ್ವೀಪದ ಇನ್ನೊಂದು ತುದಿಗೆ ಹಾಕುತ್ತಾರೆ. ಅಲ್ಲಿಗೆ ಹೋಗಬೇಕೆಂದರೆ ರೈಲು. ರೈಲು ಬಂದರೆ. ಅಮ್ಮನ ಮೊಣಕಾಲಿಗೆ ಆ ರೈಲು ಆಗದ ಮಾತು. ಅಂದರೆ ಅಮ್ಮ ಅವನನ್ನು ನೋಡುವುದು ಈ ಸಲ, ಇಲ್ಲದಿದ್ದರೆ ಇಲ್ಲ.

ಆಟ ಮುಗಿಸಿ ನಾಪೋಲೆಸ್ ತನ್ನ ಅಂಗಳಕ್ಕೆ ಬಂದ. ಹಲಗೆ ಬಿಚ್ಚಿ, ಲಾರಿಯ ಹೆಡ್‌ಲೈಟಿನ ಬಲ್ಬಿಗೆ ಕಟ್ಟಿದ ಎರಡು ವೈರುಗಳನ್ನು ಒಂದೊಂದೇ ಬ್ಯಾಟರಿಗೆ ಮುಟ್ಟಿಸುತ್ತ ಹೋದ. ನಾಲ್ಕನೆಯದರ ಹೊಟ್ಟೆ ಊದಿಕೊಂಡಿತ್ತು. ಅದಕ್ಕೆ ಮುಟ್ಟಿಸಿದಾಗ ಬಲ್ಬು ಸಿಗರೇಟಿನ ತುದಿಯಷ್ಟು ಕೆಂಪಾಗಿ ಆರಿತು.

"ಇದು ಸತ್ತಿದೆ," ಅಂದ. "ಉಳಿದ ಐದು ಸಾಯೋಕೆ ಸರದಿ ನಿಂತಿವೆ, ಬ್ರೆಡ್ಡಿಗೆ ನಿಂತವರ ಹಾಗೆ ಕೊನೆಯವರು ಯಾರು ಅಂತ ಕೇಳ್ಕೊಂಡು."

"ಆ ಒಂದನ್ನ ಬದಲಾಯಿಸಿದ್ರೆ?"

"ಮುದುಕರ ನಡುವೆ ಹುಡುಗನ್ನ ಕಟ್ಟಿದ್ರೆ ಮುದುಕರು ಓಡ್ತಾರೆ ಅಂದ್ಕೊಂಡಿದ್ದೀಯಾ? ಹುಡುಗಾನೇ ಅವರ ಜೊತೆ ಕುಂಟ್ತಾನೆ. ನೋಡು, ಅಲ್ಲಿ ಆರಿವೆ." ಮೂಲೆಯಲ್ಲಿ ಗೋಣಿಚೀಲ ಎತ್ತಿ ತೋರಿಸಿದ. ಧೂಳು ಹಿಡಿದ, ಗೀರುಬಿದ್ದ ಬ್ಯಾಟರಿಗಳು. "ಒಂದೇ ಗಾಡಿಯಿಂದ ತೆಗೆದವು. ಓನರ್ ದೇಶ ಬಿಟ್ಟು ಹೋದ. ಆರಕ್ಕೂ ಒಂದೇ ವಯಸ್ಸು, ಒಂದೇ ಆಯಾಸ. ನಿಮ್ಮಮ್ಮನ್ನ ಅಲ್ಲಿ ತನಕ ಕರ್ಕೊಂಡು ಹೋಗಿ ವಾಪಸ್ ತರುತ್ವೆ. ನಿಮ್ಮ ಹಂದಿ ಕೊಡು, ಆರೂ ತಗೊ."

ನಮ್ಮ ಹಿತ್ತಲಲ್ಲಿ ಒಂದು ಹಂದಿ ಇತ್ತು. ಮೈಕೋಲ್ ಬಿಡುಗಡೆಯಾದ ದಿನ ಸುಟ್ಟು ಹಬ್ಬದೂಟ ಮಾಡುವುದಕ್ಕೆಂದು ಅಮ್ಮ ಸಾಕುತ್ತಿದ್ದಳು. ಬೀದಿಗೆಲ್ಲ ಗೊತ್ತಿತ್ತು.

"ಹಳೇದಕ್ಕೆ ಹಂದೀನಾ?"

"ಹಳೇದು ಹಳೇದರ ಜೊತೆ ಸಂಸಾರ ಮಾಡುತ್ತೆ. ನಿಂಗೆ ಅದು ಅರ್ಥ ಆಗಲ್ಲ, ನಿಂಗೆ ಮದುವೆ ಆಗಿಲ್ಲ."

ಬೇಲಿಯಾಚೆ ಯಾರೋ ಮತ್ತೆ ನಕ್ಕರು. ಡಾಮಿನೊ ಮೇಜಿನವರಿಗೆ ಅಂಗಳದ ಮಾತೆಲ್ಲ ಕೇಳುತ್ತದೆ.

ನಾನು ತೊಟ್ಟ ಅಂಗಿ ಯಾರೋ ತೊಟ್ಟು ಬಿಟ್ಟದ್ದು. ಗಾಡಿ ಇನ್ನೊಬ್ಬನು ಓಡಿಸಿ ಸುಸ್ತಾಗಿ ಮಾರಿದ್ದು. ಮಲಗುವ ಹಾಸಿಗೆ ಅಜ್ಜ ಸತ್ತದ್ದು. ಈಗ ಈ ಮನುಷ್ಯ ಎಲ್ಲರೆದುರು ನನ್ನ ಮುಖಕ್ಕೆ ಉಗಿದು, ಇನ್ಯಾರದೋ ಗಾಡಿಯ ಹೊಟ್ಟೆಯಿಂದ ತೆಗೆದ ಕಸವನ್ನು ನನ್ನ ತಮ್ಮನ ಹಂದಿಗೆ ಬದಲಾಗಿ ಕೊಡುತ್ತೇನೆ ಅನ್ನುತ್ತಾನೆ. ಹಲಗೆ ಮುಚ್ಚಿ ಗಾಡಿ ತಳ್ಳಿಕೊಂಡು ಹೊರಟೆ.

"ನಿನ್ನಿಷ್ಟ," ಅಂದ ನಾಪೋಲೆಸ್. "ಮಿಗ್ದಾಲಿಯಾನ ಒಂದು ಮಾತು ಕೇಳು."

ಮಿಗ್ದಾಲಿಯಾ ಅಂದರೆ ನಮ್ಮಮ್ಮ. ಕೇಳಲಿಲ್ಲ. ಕೇಳಿದ್ದರೆ ಅವಳು ನಾಪೋಲೆಸ್ ಹೇಳಿದ ಹಾಗೆ ಮಾಡು ಅನ್ನುತ್ತಿದ್ದಳು. ಅದಕ್ಕೇ ಕೇಳಲಿಲ್ಲ.

ಪನಾಮಾದಿಂದ ಸಾಮಾನು ತಂದು ಮಾರುವ ವಿಲ್ಬೇರ್ ಹತ್ತಿರ ಒಂದೇ ಒಂದು ಹೊಸ ಬ್ಯಾಟರಿ ಇತ್ತು. ರಟ್ಟಿನ ಪೆಟ್ಟಿಗೆಯೊಳಗೆ, ಪ್ಲಾಸ್ಟಿಕ್ ಸುತ್ತಿ, ತಾಮ್ರದ ಎರಡು ಕೊಂಬುಗಳ ಮೇಲೆ ಕೆಂಪೊಂದು ಕಪ್ಪೊಂದು ಟೋಪಿ. ಪೆಟ್ಟಿಗೆ ತೆರೆದಾಗ ಹೊಸ ವಾಸನೆ ಬಂತು. ವಿಲ್ಬೇರ್ ಹಂದಿ ಬೇಕು ಅಂದ. ಒಂದಕ್ಕೆ. ನಾನು ಚೌಕಾಸಿ ಕೂಡ ಮಾಡಲಿಲ್ಲ.

ಹಂದಿಯನ್ನು ಕಾಲು ಕಟ್ಟಿ ಒಯ್ಯುವಾಗ ಅದು ಕೂಗಿದ ಕೂಗಿಗೆ ಬೀದಿಯೆಲ್ಲ ಹೊರಬಂತು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಆರೂ ಬಂತಾ?" ಅಂದಳು. ನಾಪೋಲೆಸ್ ಹೇಳಿದ್ದು ಬೀದಿಯ ಬಾಯಿಂದ ಅವಳಿಗೆ ಆಗಲೇ ಮುಟ್ಟಿತ್ತು.

"ಒಂದು. ಆದ್ರೆ ಹೊಸದು."

ಅಮ್ಮ ಬ್ಯಾಟರಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಲಂಗದ ಅಂಚಿನಿಂದ ಅದರ ಮೇಲಿಲ್ಲದ ಧೂಳು ಒರೆಸಿದಳು. "ಎಷ್ಟು ಭಾರ ಇದೆ," ಅಂದಳು. "ಭಾರ ಇದ್ರೆ ಒಳ್ಳೇದಲ್ವಾ?"

"ಒಳ್ಳೇದಮ್ಮ."

ನಾನೇ ಹಾಕಿದೆ. ಮೊದಲು ಮೇನ್ ಸ್ವಿಚ್ ಇಳಿಸಿದೆ. ಹಲಗೆಯ ಸ್ಕ್ರೂ ಬಿಚ್ಚಿ ಅಮ್ಮನ ಕೈಯ ತಟ್ಟೆಗೆ ಹಾಕಿದೆ. ಊದಿದ್ದನ್ನು ಎತ್ತಲು ಬರಲಿಲ್ಲ. ಹೊಟ್ಟೆ ಪೆಟ್ಟಿಗೆಗೆ ಸಿಕ್ಕಿಕೊಂಡಿತ್ತು, ಕಬ್ಬಿಣದ ಸಲಾಕೆ ಹಾಕಿ ಮೀಟಿ ಎಬ್ಬಿಸಿದೆ. ಕೊಂಬುಗಳ ಮೇಲಿನ ಹಸಿರು ಕಿಲುಬನ್ನು ಬಿಸಿನೀರು ಸುರಿದು ಉಜ್ಜಿದೆ. ಕೆಂಪು ಯಾವ ಕಡೆ, ಕಪ್ಪು ಯಾವ ಕಡೆ ಅಂತ ಮೂರು ಸಲ ನೋಡಿ ಹೊಸದನ್ನು ಇಳಿಸಿ ಬಿಗಿದೆ. ಐದು ಬೂದು ಬಣ್ಣದ ಮುದುಕರ ನಡುವೆ ಅದೊಂದು ಕರ್ರಗೆ ಹೊಳೆಯುತ್ತಿತ್ತು.

ಗಾಡಿ ಓಡಿತು. ಮೊದಲ ದಿನಗಳಲ್ಲಿ ಚೆನ್ನಾಗಿಯೇ ಓಡಿತು. ಡಾಮಿನೊ ಮೇಜಿನ ಮುಂದೆ ಬೇಕಂತಲೇ ಸುತ್ತು ಹೊಡೆದೆ, ಗಾಳಿಗೆ ಅವರ ಟೋಪಿ ಹಾರುವ ಹಾಗೆ.

"ಹೊಸದು ಚೆನ್ನಾಗಿದೆಯಾ?" ನಾಪೋಲೆಸ್ ಕೂಗಿದ.

"ಕಣ್ಣಿಲ್ವಾ ನಿಮಗೆ?"

"ಇದೆ. ಉಳಿದವರಿಗೆ ಅದು ಬಂದಿರೋದು ಇನ್ನೂ ಗೊತ್ತಾಗಿಲ್ಲ ಅನ್ಸುತ್ತೆ."

ಆ ಆರು ಹಳೆಯ ಬ್ಯಾಟರಿಗಳು ಹಾಲಿನ ಡಬ್ಬಿ ಹೊರುವ ಫೊನ್ಸೇಕನ ಗಾಡಿಗೆ ಹೋದವು. ಅವನು ಈಗಲೂ ಓಡಿಸುತ್ತಿದ್ದಾನೆ.

ಕರೆಂಟು ದಿನಕ್ಕೆ ಒಂದಿಷ್ಟು ಹೊತ್ತು, ಅದಕ್ಕೆ ಮನಸ್ಸು ಬಂದಾಗ. "ಬೆಳಕು ಬಂತು!" ಅಂತ ಬೀದಿ ಕೂಗಿದ ಕೂಡಲೇ ಎಲ್ಲಿದ್ದರೂ ಓಡಿಬಂದು ಚಾರ್ಜಿಗೆ ಹಾಕುತ್ತಿದ್ದೆ. ಚಾರ್ಜರಿನ ಕೆಂಪು ದೀಪ ಹಸಿರಾಗುವುದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಅರ್ಧಕ್ಕೇ ಕರೆಂಟು ಹೋಗುತ್ತಿತ್ತು. ಎರಡನೇ ವಾರ ಮುಗಿಯುವಾಗ ಬಂದರಿನ ಏರಿನಲ್ಲಿ ಗಾಡಿ ಮೊದಲಿನ ಹಾಗೆ ಮುಲುಕಲು ಶುರುಮಾಡಿತು. ದೂರ ಓಡಿಸಿ ನೋಡಬಹುದಿತ್ತು. ಜೈಲಿನ ದಾರಿಯಲ್ಲಿ ಅರ್ಧ ಹೋಗಿ ಬಂದಿದ್ದರೆ ಸಾಕಿತ್ತು, ಗೊತ್ತಾಗುತ್ತಿತ್ತು. ಗೊತ್ತಾಗುವುದು ನನಗೆ ಬೇಡವಾಗಿತ್ತು. ಹಂದಿ ಹೋಗಿತ್ತು. ಗೊತ್ತು ಮಾಡಿಕೊಂಡು ಏನು ಮಾಡಲಿ?

ಭೇಟಿ ದಿನ ಬಂತು. ಅಮ್ಮ ಚೀಲ ಕಟ್ಟಿದಳು: ಹುರಿದ ಜೋಳದ ಹಿಟ್ಟು ಸಕ್ಕರೆ ಕಲಸಿದ್ದು, ಒಣಗಿಸಿ ಸುಟ್ಟ ಬ್ರೆಡ್ಡು, ಕಡಲೆಬೀಜದ ಉಂಡೆ, ಸಿಗರೇಟು, ಸೋಪು, ತುರಿಗಜ್ಜಿಯ ಮುಲಾಮು, ಬಾಳೆಎಲೆಯಲ್ಲಿ ಕಟ್ಟಿದ ಕಪ್ಪು ಹುರುಳಿ ಅನ್ನ. ಹನ್ನೊಂದಕ್ಕೆ ಗೇಟು ಹಾಕುತ್ತಾರೆ, ಆಮೇಲೆ ಯಾರನ್ನೂ ಒಳಗೆ ಬಿಡಲ್ಲ, ಚೀಲವನ್ನೂ ತಗೊಳ್ಳಲ್ಲ. ಬೆಳಗಾಗುತ್ತಲೇ ಹೊರಟೆವು. ಅಮ್ಮ ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು.

"ನಿಧಾನಕ್ಕೆ ಹೋಗು," ಅಂದಳು. "ಅದಕ್ಕೆ ಸುಸ್ತಾಗದ ಹಾಗೆ."

ನಿಧಾನಕ್ಕೇ ಹೋದೆ. ಕಬ್ಬಿನ ಗದ್ದೆ ಶುರುವಾಗುವಲ್ಲಿ ಚಾರ್ಜು ತೋರಿಸುವ ಮುಳ್ಳು ಅರ್ಧಕ್ಕೆ ಬಂತು. ಮುಚ್ಚಿದ ಸಕ್ಕರೆ ಕಾರ್ಖಾನೆಯ ಹತ್ತಿರ ಕೆಂಪಿಗೆ ಬಂತು. ಸೇತುವೆಯ ಏರು ಹತ್ತುವಾಗ ಗಾಡಿ ಒಂದು ನಿಟ್ಟುಸಿರು ಬಿಟ್ಟು ನಿಂತಿತು.

ಅಮ್ಮ ಇಳಿದಳು. ಏನೂ ಕೇಳದೆ ಚೀಲವನ್ನು ಎದೆಗೆ ಅವಚಿಕೊಂಡು ನೆರಳಿಗೆ ನಿಂತಳು. ನಾನು ಹಲಗೆ ಬಿಚ್ಚಿ ಕೈಯಿಟ್ಟು ನೋಡಿದೆ. ಐದು ಹಳೆಯವು ಒಲೆಯಿಂದ ತೆಗೆದ ಹಾಗೆ ಸುಡುತ್ತಿದ್ದವು. ಹೊಸದರ ಹೊಳಪಿನ ಮೇಲೆ ಕೆಂಧೂಳು ಕೂತಿತ್ತು. ಅದರ ಪಕ್ಕೆಯೂ ಒಂದಿಷ್ಟು ಉಬ್ಬಿತ್ತು. ಬೆರಳಾಡಿಸಿ ಮತ್ತೆ ನೋಡಿದೆ. ಉಬ್ಬಿತ್ತು.

"ಸ್ವಲ್ಪ ಹೊತ್ತು ಬಿಟ್ರೆ ಹೊರಡಲ್ವಾ?" ಅಮ್ಮ ಕೇಳಿದಳು.

ಬಿಟ್ಟೆವು. ಹೊರಟಿತು. ಸೇತುವೆ ಇಳಿದು, ಮೂರು ವಿದ್ಯುತ್ ಕಂಬ ದಾಟಿ, ಮತ್ತೆ ನಿಂತಿತು. ಕಬ್ಬು ಕಡಿಯುವವರನ್ನು ತುಂಬಿಕೊಂಡ ಲಾರಿಯೊಂದು ಬಂತು. ಅಮ್ಮ ಕೈ ತೋರಿಸಿದಳು. ನಿಂತುಕೊಂಡೇ ಹೋಗುತ್ತಿದ್ದ ಗಂಡಸರಲ್ಲಿ ಒಬ್ಬ, ಜಾಗ ಎಲ್ಲಿದೆ ಅಂತ ಎರಡೂ ಕೈ ಚಾಚಿ ತೋರಿಸಿದ. ಲಾರಿ ಹೋಯಿತು. ಇನ್ನೊಂದು ಬರಲಿಲ್ಲ.

"ನೀನು ಗಾಡಿ ತಳ್ಕೊಂಡು ಬಾ," ಅಂದಳು ಅಮ್ಮ. "ಇಲ್ಲಿ ಬಿಟ್ಟರೆ ಚಕ್ರಾನೂ ಉಳಿಯಲ್ಲ. ನಾನು ಮುಂದೆ ನಡೀತಿರ್ತೀನಿ."

"ಆ ಚೀಲ ಇಟ್ಕೊಂಡಾ? ಸೀಟ್ ಮೇಲೆ ಇಡು."

"ನಾನು ಮೊದ್ಲು ಮುಟ್ಟಿದ್ರೆ ಚೀಲ ನನ್ನ ಹತ್ರಾನೇ ಇರ್ಬೇಕಲ್ವೇನೋ."

ಅಮ್ಮ ಮುಂದೆ, ನಾನು ಹಿಂದೆ. ಅವಳ ಒಂದು ಚಪ್ಪಲಿಯ ಉಂಗುಷ್ಠ ಕಿತ್ತಿತ್ತು, ಕಾಲೆಳೆಯುತ್ತ ನಡೆಯುತ್ತಿದ್ದಳು. ಬಿಸಿಲು ಏರಿತು. ಆರು ಬ್ಯಾಟರಿಗಳ ಭಾರ ತಳ್ಳುತ್ತ ನಾನು ನಾಪೋಲೆಸನನ್ನು ಬೈದೆ, ವಿಲ್ಬೇರನನ್ನು ಬೈದೆ, ಎಣ್ಣೆ ಕದ್ದವನನ್ನು ಬೈದೆ, ದ್ವೀಪವನ್ನೇ ಬೈದೆ. ಬೈಗುಳ ಖಾಲಿಯಾದ ಮೇಲೆ ರಸ್ತೆ ಇನ್ನೂ ಉಳಿದಿತ್ತು.

ಅಮ್ಮ ಮುಟ್ಟಿದಾಗ ಗೇಟು ಹಾಕಿತ್ತು. ನಾನು ಹೋಗುವಷ್ಟರಲ್ಲಿ ಅವಳು ಕಾವಲಿನವನೊಡನೆ ಮಾತು ಮುಗಿಸಿ ಗೋಡೆಯ ನೆರಳಲ್ಲಿ ಕೂತಿದ್ದಳು. ಕಾವಲಿನವನು ನನ್ನ ವಯಸ್ಸಿನವನೇ. ಜಗಳ ಆಡಬೇಕೆಂದೇ ಹೋದೆ.

"ಅಣ್ಣಾ, ನಿನ್ನ ಅಮ್ಮನಿಗೆ ಹೇಳಿದೆ," ಅಂದ ಅವನು ಮೆಲ್ಲಗೆ. "ಕೀಲಿ ನನ್ನ ಹತ್ರ ಇಲ್ಲ. ನೀರು ಬೇಕಾದ್ರೆ ಕೊಡ್ತೀನಿ."

ಜಗಳಕ್ಕೂ ಅವನು ಜಾಗ ಬಿಡಲಿಲ್ಲ.

ಮಧ್ಯಾಹ್ನ ಭೇಟಿ ಮುಗಿಸಿದವರು ಹೊರಬಂದರು. ನಮ್ಮ ಪಕ್ಕದ ಬಡಾವಣೆಯ ಹೆಂಗಸೊಬ್ಬಳು, ಗಂಡನನ್ನು ನೋಡಲು ಬಂದವಳು, ಅಮ್ಮನನ್ನು ಕಂಡು ನಿಂತಳು.

"ಅಯ್ಯೋ ಮಿಗ್ದಾಲಿಯಾ, ಇಲ್ಲೇ ಇದ್ದೀಯಾ. ಅವನು ಪಕ್ಕದ ಮೇಜಲ್ಲೇ ಕೂತಿದ್ದ ಕಣೇ. ಯಾರದೋ ಒಳ್ಳೆ ಅಂಗಿ ಕೇಳಿ ಹಾಕ್ಕೊಂಡಿದ್ದ, ತಲೆ ಬಾಚ್ಕೊಂಡಿದ್ದ. ಬಾಗಿಲು ತೆಗೆದಾಗೆಲ್ಲ ಎದ್ದು ನಿಲ್ತಿದ್ದ. ಗಾಡಿ ಕೆಟ್ಟಿರ್ಬೇಕು, ಬರ್ತಾರೆ, ಬರ್ತಾರೆ ಅಂತ ನಮಗೂ ಹೇಳಿದ."

"ಆಮೇಲೆ?" ಅಂದಳು ಅಮ್ಮ.

"ಆಮೇಲೆ ಹೇಳ್ಲಿಲ್ಲ."

ಆ ಹೆಂಗಸು ಬಂದಿದ್ದ ಕುದುರೆಗಾಡಿಯಲ್ಲಿ ಒಬ್ಬರಿಗೆ ಜಾಗವಿತ್ತು. ಅಮ್ಮನನ್ನು ಹತ್ತಿಸಿದೆ. ಚೀಲ ಮಡಿಲಲ್ಲೇ ಇತ್ತು, ಬಾಳೆಎಲೆಯಿಂದ ಹುರುಳಿಯ ರಸ ಸೋರಿ ಅವಳ ಲಂಗಕ್ಕೆ ಹತ್ತಿತ್ತು. ನನ್ನ ಕಡೆ ನೋಡಿ ಏನಾದರೂ ಅನ್ನುತ್ತಾಳೆ ಅಂದುಕೊಂಡೆ. ಬೈದರೆ ಸಾಕು ಅನ್ನಿಸಿತ್ತು.

"ಬಿಸಿಲು ಇಳಿದ್ಮೇಲೆ ಹೊರಡು," ಅಂದಳು ಅಷ್ಟೇ.

ನಾನು ತಳ್ಳಿಕೊಂಡು ಬಂದೆ. ಒಂದಷ್ಟು ದೂರ ಓಡಿಸಿ, ನಿಂತಲ್ಲಿ ಇಳಿದು, ಮತ್ತೆ ತಳ್ಳಿ. ಕೊನೆಗೆ ಅದು ಕೆಮ್ಮುವುದನ್ನೂ ಬಿಟ್ಟಿತು. ಸೇತುವೆಯ ಹತ್ತಿರ ಯಾರದೋ ಕೊಟ್ಟಿಗೆಯ ಗೋಡೆಗೆ ಒರಗಿ ಕತ್ತಲು ಕಳೆದೆ. ನಮ್ಮ ಬೀದಿ ಮುಟ್ಟುವಾಗ ಮರುದಿನದ ಸಂಜೆ. ಬ್ರೆಡ್ಡಿನ ಸರದಿ ಇತ್ತು. ಬಾದಾಮಿ ಮರದ ಕೆಳಗೆ ಮೇಜಿನ ಮೇಲೆ ಬಿಲ್ಲೆಗಳನ್ನು ಕಲೆಸುತ್ತಿದ್ದರು. ಆ ಸದ್ದು ದೂರದಿಂದಲೇ ಕೇಳಿತು.

ನಾನು ಹತ್ತಿರ ಬಂದಂತೆ ಸದ್ದು ನಿಂತಿತು. ಅಮ್ಮ ನಿನ್ನೆಯೇ ಬಂದವಳು ಯಾರ ಹತ್ತಿರವೂ ಮಾತಾಡದೆ ಬಾಗಿಲು ಹಾಕಿಕೊಂಡಿದ್ದಳಂತೆ. ಏನಾಯಿತೆಂದು ಅವರಿಗೆ ಗೊತ್ತಿರಲಿಲ್ಲ. ಮುಷ್ಟಿ ಬಿಗಿದುಕೊಂಡೇ ಬಂದೆ. ಯಾರಾದರೂ ಒಂದು ಮಾತು ಅಂದರೆ ಸಾಕಿತ್ತು, ಮೇಜು ಮಗುಚಿ ಹಾಕುತ್ತಿದ್ದೆ. ಅಜ್ಜಿಯ ಮಾತಾದರೂ ಸರಿ, ಮದುವೆಯ ಮಾತಾದರೂ ಸರಿ.

ಯಾರೂ ನಗಲಿಲ್ಲ. ನಾಪೋಲೆಸ್ ಬಿಲ್ಲೆಗಳನ್ನು ಮುಖ ಕೆಳಗೆ ಮಾಡಿ ಇಟ್ಟು, ಮೇಜು ಹಿಡಿದು ಎದ್ದು ನಿಂತ. ಅವನ ಕಣ್ಣು ಗಾಡಿಯ ಮೇಲೆ ಇರಲಿಲ್ಲ.

"ಎಲೀಸೆರ್," ಅಂದ, ನನ್ನ ಹೆಸರು ಹಿಡಿದು. "ಹೇಗಿದ್ದಾನೋ ನಮ್ಮ ಹುಡುಗ?"

ನಾನು ಹ್ಯಾಂಡಲ್ ಹಿಡಿದು ಗಾಡಿಯನ್ನು ತಳ್ಳುತ್ತ ಮುಂದೆ ನಡೆದೆ.