ಕಳಕವ್ವನ ಕಸಬರಿಗೆ

ಹೈಡ್ರೋಜನ್ ಬೆಂಕಿ ಹಗಲಿನಲ್ಲಿ ಕಾಣುವುದಿಲ್ಲ. ಹೊಗೆ ಇಲ್ಲ, ಬಣ್ಣ ಇಲ್ಲ, ತೀರ ಹತ್ತಿರ ಹೋಗುವವರೆಗೆ ಶಾಖವೂ ತಾಗುವುದಿಲ್ಲ. ಅದಕ್ಕೇ ಅದನ್ನು ಹುಡುಕಲು ಕಸಬರಿಗೆಯನ್ನು ಮುಂದೆ ಚಾಚಿಕೊಂಡು ನಡೆಯಬೇಕು. ಕಡ್ಡಿ ಹೊತ್ತಿಕೊಂಡಿತೋ, ಬೆಂಕಿ ಅಲ್ಲಿದೆ ಎಂದರ್ಥ. ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿಸಿದಾಗ ನನಗೆ ನಗು ಬಂದಿತ್ತು. ಮುಶಿಗೇರಿ ಎಂಬ ಹಳ್ಳಿಯಲ್ಲಿ ಕಳಕವ್ವ ನನಗಿಂತ ಹೆಚ್ಚು ನಕ್ಕಳು.

ನಮ್ಮ ಸಂಶೋಧನೆಯ ಶೆಡ್ಡು ನಿಂತಿದ್ದು ಅವಳ ಬೀಳು ಹೊಲದಲ್ಲಿ. ಗಾಳಿಯಂತ್ರದ ಕರೆಂಟಿನಿಂದ ನೀರನ್ನು ಒಡೆದು, ಹೈಡ್ರೋಜನ್ ತೆಗೆದು, ಸಿಲಿಂಡರಿಗೆ ತುಂಬುವುದು ನನ್ನ ಮತ್ತು ಮೈಲಾರಿಯ ಕೆಲಸ. ಇಬ್ಬರೂ ಪಿಎಚ್‌ಡಿ ಮಾಡುತ್ತಿದ್ದವರು. ಕಸಬರಿಗೆ ಬೇಕೆಂದಾಗ ಕಳಕವ್ವ ಮನೆಯಿಂದ ತನ್ನದನ್ನೇ ತಂದುಕೊಟ್ಟಳು.

"ಇಷ್ಟ ಓದಿ ಕಡೀಕ ನೀನೂ ಕಸಬರಿಗೀನ ಹಿಡದಿ ಏನ್ ಮೆಹನಾಜ?" ಎಂದಳು. ಕಾರಣ ಹೇಳಿದ ಮೇಲೆ ಸೆರಗು ಬಾಯಿಗೆ ಹಿಡಿದು ಇನ್ನಷ್ಟು ನಕ್ಕಳು.

ಅವಳ ಮಗ ದುರಗೇಶ ನಗುವವನಲ್ಲ. ನಾವು ಬಂದ ಬೇಸಿಗೆಯಲ್ಲೇ ಅವನ ಬೋರು ಬತ್ತಿತು. ಉದ್ಘಾಟನೆಯ ದಿನ ನಮ್ಮ ಪ್ರೊಫೆಸರು ಮೈಕು ಹಿಡಿದು, ಇಲ್ಲಿ ನೀರಿನಿಂದ ಬೆಂಕಿ ತೆಗೆಯುತ್ತೇವೆ ಎಂದು ಬೀಗಿದ್ದರು. ಆ ಮಾತು ಊರೊಳಗೆ ಹೋಗಿ, 'ನೀರ ಸುಡೂ ಮಷೀನ' ಎಂದಾಗಿ ಹೊರಬಂತು. ದಿನಕ್ಕೆ ಒಂದು ಎಮ್ಮೆ ಕುಡಿಯುವಷ್ಟು ನೀರನ್ನೂ ನಮ್ಮ ಯಂತ್ರ ಕುಡಿಯುತ್ತಿರಲಿಲ್ಲ. ಹೇಳಿ ಹೇಳಿ ಗಂಟಲು ಹರಿದುಕೊಂಡೆ. ಕೊಡ ಹಿಡಿದು ನಿಂತವರಿಗೆ ನನ್ನ ಲೆಕ್ಕ ಯಾಕೆ ಬೇಕು?

ಊರ ಗಂಡಸರು ಬಂದದ್ದು ನಡು ಮಧ್ಯಾಹ್ನ, ಕೊಡಲಿ ಬಡಿಗೆ ಹಿಡಿದುಕೊಂಡು. ಮುಂದೆ ದುರಗೇಶ. ಮೈಲಾರಿ ಕೈ ಅಡ್ಡ ಹಿಡಿದ.

"ಕುಂತ ಮಾತಾಡೂಣ ಬರ್ರಿ ಅಣ್ಣಾರ..."

ಅಷ್ಟರಲ್ಲಿ ಬಡಿಗೆ ಅವನ ತಲೆಗೆ ಬಿತ್ತು. ಬಿದ್ದವನ ಪಕ್ಕೆಗೆ ಮತ್ತೊಬ್ಬ ಒದ್ದ. ಎಲುಬು ಮುರಿದದ್ದು ನನಗೆ ಕೇಳಿಸಿತು. ಕಂಕುಳಿಗೆ ಕೈ ಹಾಕಿ ಅವನನ್ನು ಶೆಡ್ಡಿನ ಒಳಬದಿಗೆ ಎಳೆದುಕೊಂಡೆ. ನೆಲದುದ್ದಕ್ಕೂ ರಕ್ತ ಬಳಿದುಕೊಂಡು ಬಂತು.

ದುರಗೇಶ ಸಿಲಿಂಡರಿಗೆ ಗ್ಯಾಸು ಒಯ್ಯುವ ಪೈಪಿನ ಪಕ್ಕದಲ್ಲಿ ನಿಂತು ಅದಕ್ಕೆ ಕೊಡಲಿ ಬೀಸಿದ. ಕಿಡಿ ಹಾರಿತು. ಬುಸ್ಸೆಂದು ಸದ್ದು ಶುರುವಾಯಿತು, ಕಣ್ಣಿಗೆ ಮಾತ್ರ ಏನೂ ಇಲ್ಲ. ಆದರೆ ಎದುರಿನ ಕಂಬಕ್ಕೆ ಹೊಡೆದಿದ್ದ ಎಚ್ಚರಿಕೆಯ ಹಲಗೆಯ ಬಣ್ಣ ಗುಳ್ಳೆ ಎದ್ದು ಕಪ್ಪಾಗತೊಡಗಿತು. ಗ್ಯಾಸು ಹೊತ್ತಿಕೊಂಡಿತ್ತು. ನನಗೂ ಅವನಿಗೂ ನಡುವೆ, ಹಾದಿಗೆ ಅಡ್ಡಲಾಗಿ, ಎದೆಯ ಎತ್ತರದಲ್ಲಿ ಬೆಂಕಿ ಉರಿಯುತ್ತಿತ್ತು. ಗ್ಯಾಸು ನಿಲ್ಲಿಸುವ ಚಕ್ರ ಅವರ ಗುಂಪಿನ ಹಿಂದಿತ್ತು.

"ಬೆಂಕಿ ಐತ್ರಿ! ಮುಂದ ಬರಬ್ಯಾಡ್ರಿ!" ಎಂದು ಕಿರುಚಿದೆ.

"ಎಲ್ಲೈತಿ ಬೆಂಕಿ? ನಿನ್ನ ಬಾಯಾಗ?" ಎಂದ ದುರಗೇಶ. ಹಿಂದಿದ್ದವರು ನಕ್ಕರು.

ಸುಳ್ಳು ಯಾಕೆ ಹೇಳಲಿ, ಬರಲಿ, ಸುಟ್ಟುಕೊಂಡು ಸಾಯಲಿ ಎನ್ನಿಸಿತು. ಮೈಲಾರಿಯ ರಕ್ತ ನನ್ನ ಕೈಮೇಲೆ ಇನ್ನೂ ಬಿಸಿಯಾಗಿತ್ತು. ನನ್ನ ಸಿಟ್ಟು ಎಂಥದ್ದೆಂದು ಗಜೇಂದ್ರಗಡದ ನಮ್ಮ ಓಣಿಗೆಲ್ಲ ಗೊತ್ತು. ಆದರೂ ಕೈ ಮೂಲೆಯ ಕಸಬರಿಗೆಗೆ ಹೋಯಿತು. ಬೆಂಕಿ ಕಣ್ಣಿಗೆ ಕಂಡರೆ ನಿಲ್ಲುತ್ತಾನೆ ಎಂದು ಅದನ್ನು ಅವನೆದೆಗೆ ನೇರವಾಗಿ ಚಾಚಿದೆ.

ಅವನಿಗೆ ಕಂಡದ್ದೇ ಬೇರೆ. ಊರ ಗಂಡಸರ ಮುಂದೆ ಒಬ್ಬ ಹುಡುಗಿ ಅವನಿಗೆ ಕಸಬರಿಗೆ ಎತ್ತಿದ್ದಳು.

"ನನಗ ಕಸಬರಿಗಿ ತೋರಸ್ತೀ? ನನಗ?"

ಕಡ್ಡಿಗಳ ತುದಿ ಆಗಲೇ ಹೊತ್ತಿಕೊಂಡಿತ್ತು. ಅವನು ಅದನ್ನು ನೋಡಲಿಲ್ಲ. ನನ್ನ ಮುಖವನ್ನೇ ದುರುಗುಟ್ಟಿಕೊಂಡು, ಕಸಬರಿಗೆ ಕಸಿಯಲು ಕೊಡಲಿ ಬಿಟ್ಟು ಎರಡೂ ಕೈ ಚಾಚಿ ನುಗ್ಗಿದ.

ಅಂಗಿ ಹೊತ್ತಿದ ಮೇಲಷ್ಟೇ ಉಳಿದವರಿಗೆ ಬೆಂಕಿ ಕಂಡಿತು. ಕೊಡಲಿ ಬಡಿಗೆ ಬಿಸಾಕಿ ಓಡಿದರು, ಒಬ್ಬನೂ ಹಿಂದೆ ನೋಡಲಿಲ್ಲ. ನಾನು ಶೆಡ್ಡು ಸುತ್ತಿ ಓಡಿ ಚಕ್ರ ತಿರುಗಿಸಿದೆ. ಗೋಣಿಚೀಲ ಹಾಕಿ ಅವನನ್ನು ಮಣ್ಣಿನಲ್ಲಿ ಉರುಳಿಸಿದೆ. ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಅವನ ಕೈ ಚರ್ಮ ಚೀಲಕ್ಕೆ ಅಂಟಿ ಬಂತು. ನನ್ನ ಕೈಕೆಳಗೆ ಹೊರಳಾಡುತ್ತಲೇ ಆ ಮೂರ್ಖ ಬೈಯುತ್ತಿದ್ದ: "ಕಸಬರಿಗಿ ತೋರಸ್ತಾಳ... ಕಸಬರಿಗಿ..."

ಮೈಲಾರಿ ಉಳಿದ. ದುರಗೇಶನೂ ಉಳಿದ, ಆದರೆ ಒಂದು ಕಣ್ಣು ಹೋಯಿತು, ಎರಡೂ ಕೈಗಳ ಬೆರಳುಗಳನ್ನು ತೆಗೆಯಬೇಕಾಯಿತು. ಪೊಲೀಸರ ಮುಂದೆ ಅವನು ಪೈಪಿನ ಮಾತೇ ಎತ್ತಲಿಲ್ಲ. ತನಗೆ ಕಸಬರಿಗೆ ತೋರಿಸಿದಳು ಎಂದಷ್ಟೇ ಹೇಳಿದ. ಅದಕ್ಕೆ ನಾನು ತಪ್ಪಾಯಿತೆನ್ನಬೇಕು ಎಂದು ಊರ ಹಿರಿಯರು ಪಟ್ಟು ಹಿಡಿದರು. ಮೈಲಾರಿಯ ತಲೆ ಒಡೆದವರು ಮೊದಲು ಹೇಳಲಿ ಎಂದೆ.

ಹಾಗೆಂದರೂ ಗಜೇಂದ್ರಗಡದ ದವಾಖಾನೆಗೆ ಹೋದೆ. ಕಳಕವ್ವ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಹೊಡೆಯುತ್ತಾಳೆ ಎಂದುಕೊಂಡೇ ಪಕ್ಕದಲ್ಲಿ ಕೂತೆ. ನನ್ನ ಕಡೆ ನೋಡದೆಯೇ ಹೇಳಿದಳು.

"ಕಸಬರಿಗಿ ಯಾತಕ್ಕಂತ ನೀ ನನಗ ಹೇಳಿದ್ದಿ."

"ಹೌದ್ರಿ ಅವ್ವಾರ."

"ಮನಿ ಕಸಬರಿಗಿ ಕೊಟ್ಟೇನಂದ್ರ ಬೈತಾನಂತ ನಾ ಅವಗ ಹೇಳಲೇ ಇಲ್ಲ." ಅವಳು ಈಗ ನನ್ನ ಕಡೆ ತಿರುಗಿದಳು. "ಉಣ್ಣಾಕ ಕುಂತಾಗ ಒಂದ ಸಲ ನಕ್ಕೋಂತ ಹೇಳಿದ್ದರ ಸಾಕಿತ್ತು ತಂಗಿ. ಆ ಹುಡಿಗಿ ಕಸಬರಿಗಿ ಹಿಡದು ಬೆಂಕಿ ಹುಡಕತಾಳ ನೋಡಪಾ, ಅಂತ."

ಒಳಗಿನಿಂದ ನರ್ಸು, ದುರಗೇಶನಿಗೆ ಉಣಿಸುವವರು ಯಾರು ಎಂದು ಕೂಗಿದಳು. ಕಳಕವ್ವ ಸೆರಗು ಸಿಕ್ಕಿಸಿಕೊಂಡು, ಮಗನ ಬಾಯಿಗೆ ತುತ್ತಿಡಲು ಎದ್ದು ಹೋದಳು.